ಇಂಗ್ಲೆಂಡಿನ ದುಡಿಮೆಗಾರರ ವಂಶಶೋಧನೆ: ಗ್ರಾಮದಾಖಲೆಗಳ ಪ್ರಾಮಾಣ್ಯ

ವಂಶಾವಳಿಯೆಂಬುದು ಇಂಗ್ಲೆಂಡಿನಲ್ಲಿ ಬಹುಕಾಲದವರೆಗೆ ಭೂಮಿಯುಳ್ಳವರ ಸೊತ್ತಾಗಿದ್ದಿತು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಲಾಂಛನಾಧಿಕಾರಿಗಳು ರಾಜಾಜ್ಞೆಯನ್ನು ಹೊತ್ತು ಸೀಮೆಸೀಮೆಗಳಲ್ಲಿ ಸಂಚರಿಸಿ ಮನೆತನಗಳ ಬಿರುದುಗಳನ್ನೂ ಪೀಳಿಗೆಗಳನ್ನೂ ಪರಿಶೀಲಿಸಿ ಬರೆದುಕೊಳ್ಳುತ್ತಿದ್ದರು. ಕೂಲಿಯವನ, ನೇಕಾರನ, ಗಾರೆಯವನ ಬಾಗಿಲಿಗೆ ಅವರು ಹೋದವರಲ್ಲ. ಥಾಮಸ್ ಹಾರ್ಡಿಯ ‘ಟೆಸ್ ಆಫ್ ದಿ ಡರ್ಬರ್‌ವಿಲ್ಸ್’ (1891) ಕಾದಂಬರಿ ಮೊದಲಾಗುವುದು ಇಂಥ ವಿದ್ಯೆಯ ಪ್ರದರ್ಶನದಿಂದಲೇ. ಊರೂರು ತಿರುಗುವ ಬಡ ವ್ಯಾಪಾರಿ ಡರ್ಬಿಫೀಲ್ಡನಿಗೆ, ಅವನು ಪ್ರಾಚೀನ ವೀರಮನೆತನವೊಂದರ ಕುಡಿಯೆಂದು ಪುರಾತತ್ತ್ವಪ್ರಿಯನಾದ ಪಾದ್ರಿಯೊಬ್ಬನು ದಾರಿಯಲ್ಲಿ ತಿಳಿಸುವನು. ಆ ಮಾತು ಆ ಸಂಸಾರಕ್ಕೆ ತಂದ ಅನರ್ಥವನ್ನು ವಿಮರ್ಶಕರು ಬೇಕಾದಷ್ಟು ಚರ್ಚಿಸಿರುವರು. ಆದರೆ ಒಂದು ವಿಷಯವು ಅಷ್ಟಾಗಿ ಅವರ ಗಮನಕ್ಕೆ ಬಂದಂತಿಲ್ಲ. ಪಾದ್ರಿಯ ಕಣ್ಣು ಗೋರಿಗಳಿಂದಲೂ ರಾಜಶಾಸನಗಳಿಂದಲೂ ಹೊರಟು ಒಂದೇ ನೆಗೆತಕ್ಕೆ ಈ ವ್ಯಾಪಾರಿಯ ಮೇಲೆ ಬೀಳುತ್ತದೆ. ನಡುವಣ ಬಡ ತಲೆಮಾರುಗಳು ಎಲ್ಲಿ ಬಾಳಿದರು, ಯಾರ ಹೊಲದಲ್ಲಿ ದುಡಿದರು ಎಂಬ ಪ್ರಶ್ನೆಯೇ ಅವನಿಗೆ ಹುಟ್ಟುವುದಿಲ್ಲ. ಹುಟ್ಟಿದ್ದರೆ ಅವನು ಗೋರಿಗಳನ್ನು ಬಿಟ್ಟು ತನ್ನ ಚರ್ಚಿನ ಪೆಟ್ಟಿಗೆಯನ್ನೇ ತೆರೆಯಬೇಕಾಗುತ್ತಿದ್ದಿತು.

ಆ ಪೆಟ್ಟಿಗೆಯಲ್ಲಿರುವ ಕಾಗದಗಳಿಗೆ ಇಂದು ವಿಶೇಷ ಬೆಲೆ ಬಂದಿದೆ. ಕಾಗದಗಳಲ್ಲಿ ಬಹುಪಾಲು ಈಗ ಪ್ಯಾರಿಷ್ ಚರ್ಚುಗಳಿಂದ ಕೌಂಟಿಗಳ ದಾಖಲೆಭಂಡಾರಗಳಿಗೆ ಬಂದು ಸೇರಿವೆ. ಇಂಥ ಭಂಡಾರಗಳಲ್ಲಿ ಮೊದಲನೆಯದು 1913ರಲ್ಲಿ ಬೆಡ್‌ಫರ್ಡ್‌ಷೈರಿನಲ್ಲಿ ಸ್ಥಾಪಿತವಾಯಿತು. ಕೂಲಿಕಾರರ, ಗಣಿಯವರ, ಮನೆಯಾಳುಗಳ ಮೊಮ್ಮಕ್ಕಳು ಅಲ್ಲಿ ಕುಳಿತು ತಮ್ಮ ಹಿರಿಯರನ್ನು ಹುಡುಕುವರು. ಈ ಶೋಧನೆ ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೊರೆತ ಬರಹವನ್ನು ಬರೆದವರಾರು, ಏತಕ್ಕಾಗಿ ಬರೆದರು ಎಂದು ವಿಚಾರಿಸದೆ ಅದನ್ನೇ ಪರಮಪ್ರಮಾಣವಾಗಿ ಸ್ವೀಕರಿಸುವ ಅಭ್ಯಾಸವೂ ಜೊತೆಯಲ್ಲಿಯೇ ಬೆಳೆದಿದೆ. ಓಲೆಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸನು ಲಿಪಿಕಾರನ ಕೈದೋಷವನ್ನೂ ಅವನ ಮತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಠವನ್ನು ನಿರ್ಣಯಿಸುವನೆ? ಇಲ್ಲಿಯೂ ಅದೇ ವಿವೇಕವು ಬೇಕು. ಇಂಗ್ಲೆಂಡಿನ ಬಡವನು ತನ್ನ ಕಥೆಯನ್ನು ತಾನು ಬರೆದುದು ಅಪರೂಪ; ಅವನು ಯಾರಿಗಾದರೂ ಖರ್ಚಿನ ಬಾಬಾದಾಗ, ಇಲ್ಲವೆ ಖರ್ಚಾದಾನೆಂಬ ಭಯ ಹುಟ್ಟಿದಾಗ, ಇತರರು ಅವನನ್ನು ಕುರಿತು ಬರೆದರು. ಅಂಥ ಬರಹದಲ್ಲಿ ಮೊದಲು ಕೇಳಬರುವುದು ಬರೆಸಿದವನ ದನಿ.

ಪ್ಯಾರಿಷ್ ರಿಜಿಸ್ಟರುಗಳಿಂದ ಆರಂಭಿಸುವುದು ವಾಡಿಕೆ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ಲನು ಹೊರಡಿಸಿದ ಆಜ್ಞೆಯಂತೆ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪ್ರತಿಯೊಂದು ಪ್ಯಾರಿಷ್‌ನಲ್ಲಿಯೂ ಬರೆದಿಡಬೇಕಾಯಿತು. ವಿವಾಹದ ದಾಖಲೆಗೆ ವಧೂವರರೂ ಸಾಕ್ಷಿಗಳೂ ರುಜು ಅಥವಾ ಗುರುತು ಹಾಕಬೇಕೆಂಬ ನಿಯಮವು 1754ರಿಂದ ಜಾರಿಗೆ ಬಂದಿತು; ಮಗುವಿನ ತಂದೆಯ ಕಸುಬನ್ನು ಬರೆಯಲು ಅಚ್ಚಿನ ನಮೂನೆಯಲ್ಲಿ ಒಂದು ಅಂಕಣವು ದೊರೆತುದು 1813ರಿಂದ. ಅದಕ್ಕೆ ಮೊದಲಿನ ರಿಜಿಸ್ಟರಿನಲ್ಲಿ ಅನೇಕ ಕಡೆ ದುಡಿಮೆಗಾರನು ಬರಿಯ ಹೆಸರು. ಆ ಹೆಸರಾದರೂ ಪಾದ್ರಿಯ ಕಿವಿಗೆ ಬಿದ್ದಂತೆ ಬರೆದುದು. ಓದುಬಾರದ ತಂದೆಯು ಅದನ್ನು ತಿದ್ದಲಾರನು. ಆದಕಾರಣ ಒಂದೇ ಮನೆತನವು ಮೂರು ಪುಟಗಳಲ್ಲಿ ಮೂರು ವರ್ಣಕ್ರಮಗಳನ್ನು ಪಡೆಯುವುದುಂಟು. ಗುರುತು ಹಾಕಿದವನು ಓದಲಾರದವನೆಂದು ಹೇಳುವುದೂ ಅವಸರದ ಮಾತು. ಆ ಕಾಲದ ಶಾಲೆಗಳಲ್ಲಿ ಓದನ್ನು ಮೊದಲು ಕಲಿಸಿ ಬರಹವನ್ನು ಅನಂತರ ಕಲಿಸುತ್ತಿದ್ದರು. ನಡುವೆ ದುಡಿಮೆಗೆ ಹೋದ ಮಗುವಿಗೆ ಓದು ಬಂದು ಬರಹ ಬಾರದಿರುವುದು ಸಹಜವೇ ಸರಿ.

ರಿಜಿಸ್ಟರಿನ ಒಂದು ಪದದ ಚರಿತ್ರೆಯನ್ನು ಮಾತ್ರ ಇಲ್ಲಿ ವಿಸ್ತರಿಸಬೇಕಾಗಿದೆ. 1783ರಲ್ಲಿ ಪಾರ್ಲಿಮೆಂಟು ರಿಜಿಸ್ಟರಿನ ಒಂದೊಂದು ದಾಖಲೆಗೂ ಮೂರು ಪೆನ್ಸ್ ತೆರಿಗೆಯನ್ನು ವಿಧಿಸಿತು. ಪ್ಯಾರಿಷ್‌ನಿಂದ ಜೀವನಾಂಶ ಪಡೆಯುವ ನಿರ್ಗತಿಕರಿಗೆ ಇದರಿಂದ ವಿನಾಯಿತಿ. ಅವರ ಹೆಸರಿನ ಬಳಿ ‘ಪಾಪರ್’ ಎಂದೊ, ಅದರ ಮೊದಲಕ್ಷರವನ್ನು ಮಾತ್ರವೊ ಬರೆಯುತ್ತಿದ್ದರು. 1794ರಲ್ಲಿ ತೆರಿಗೆಯು ರದ್ದಾಯಿತು. ಈಗ ವಂಶಶೋಧಕನೊಬ್ಬನು 1786ರ ಪುಟದಲ್ಲಿ ತನ್ನ ಮೂಲಪುರುಷನ ಹೆಸರಿನ ಮುಂದೆ ಈ ಅಕ್ಷರವನ್ನು ಕಂಡನೆಂದು ಭಾವಿಸೋಣ. ಇದರಿಂದ ಸಿದ್ಧವಾಗುವುದೇನು? ಆ ಮನುಷ್ಯನು ನಿಜವಾಗಿ ಪ್ಯಾರಿಷ್‌ನ ಅನ್ನವನ್ನು ಉಣ್ಣುತ್ತಿದ್ದಿರಬಹುದು. ಅಥವಾ ಕೂಲಿಯಲ್ಲಿ ಮೂರು ಪೆನ್ಸನ್ನು ಕಳೆಯಲು ಮನಸ್ಸಿಲ್ಲದವನಾಗಿರಬಹುದು. ಅಥವಾ ಕರುಣಾಳುವಾದ ಪಾದ್ರಿಯು ತಾನಾಗಿಯೇ ಆ ಅಕ್ಷರವನ್ನು ಬರೆದಿರಬಹುದು. ಬಡವರ ಪಾರುಪತ್ಯಗಾರನ ಲೆಕ್ಕದ ಪುಸ್ತಕದಲ್ಲಿ ಅದೇ ವರ್ಷ ಅವನಿಗೆ ಹಣವೊ ಬಟ್ಟೆಯೊ ಸೌದೆಯೊ ಸಂದಿದ್ದರೆ ಮಾತ್ರ ಮೊದಲನೆಯ ಅರ್ಥವು ನಿಲ್ಲುತ್ತದೆ. ಇಷ್ಟನ್ನು ನೋಡದೆ ಹಿರಿಯರನ್ನು ನಿರ್ಗತಿಕರೆಂದು ಬರೆದ ಕುಟುಂಬಚರಿತ್ರೆಗಳು ತೆರಿಗೆಯ ಶಾಸನವೊಂದನ್ನು ಜೀವನಚರಿತ್ರೆಯೆಂದು ಓದಿದಂತಾಗಿದೆ.

ಕವಿಯೂ ಪಾದ್ರಿಯೂ ಆಗಿದ್ದ ಜಾರ್ಜ್ ಕ್ರ್ಯಾಬ್‌ನ ‘ದಿ ಪ್ಯಾರಿಷ್ ರಿಜಿಸ್ಟರ್’ (1807) ಕಾವ್ಯವನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ರಿಜಿಸ್ಟರಿನಂತೆಯೇ ಜನನ, ವಿವಾಹ, ಮರಣಗಳೆಂದು ಮೂರು ಭಾಗಗಳಾಗಿ ಹಬ್ಬಿರುವ ಆ ಕೃತಿಯಲ್ಲಿ ಪಾದ್ರಿಯು ಹಾಳೆಯನ್ನು ಮಗುಚುತ್ತ ಒಂದೊಂದು ಹೆಸರಿಗೂ ಒಂದೊಂದು ಕಥೆಯನ್ನು ಹೇಳುವನು. ನಿಜವಾದ ರಿಜಿಸ್ಟರಿನಲ್ಲಿ ಆ ಕಥೆಗಳಿಗೆ ಎಡೆಯೇ ಇಲ್ಲ. ಪಾದ್ರಿಗೆ ಎಷ್ಟು ತಿಳಿದಿದ್ದಿತು, ಪುಟಕ್ಕೆ ಎಷ್ಟು ಇಳಿಯಿತು ಎಂಬ ಅಂತರವು ಕಾವ್ಯವನ್ನು ಓದಿದವರಿಗೆ ಸ್ಪಷ್ಟವಾಗುತ್ತದೆ. ಆದರೆ ಕ್ರ್ಯಾಬ್‌ನು ತುಂಬಿಕೊಟ್ಟ ಕಥೆಗಳೂ ಪಾದ್ರಿಯ ನ್ಯಾಯಾಸನದಿಂದ ಹೇಳಿದವೇ. ಜಾಣಗೂಲಿಗನಿಗೆ ಮೆಚ್ಚುಗೆ, ದಾರಿತಪ್ಪಿದ ಹೆಣ್ಣಿಗೆ ಮರುಕ ಬೆರೆತ ಬುದ್ಧಿವಾದ.

ರಿಜಿಸ್ಟರಿಗಿಂತ ಹೆಚ್ಚು ಮಾತನಾಡುವ ದಾಖಲೆಯೆಂದರೆ ನೆಲೆಯ ವಿಚಾರಣೆ. 1662ರ ಶಾಸನದ ಪ್ರಕಾರ ಬಡವನಿಗೆ ನೆರವು ದೊರೆಯತಕ್ಕದ್ದು ಅವನಿಗೆ ‘ನೆಲೆಯ ಹಕ್ಕು’ ಇರುವ ಪ್ಯಾರಿಷ್‌ನಲ್ಲಿ ಮಾತ್ರ. ಹೊರಗಿನಿಂದ ಬಂದವನು ವರ್ಷಕ್ಕೆ ಹತ್ತು ಪೌಂಡು ಬೆಲೆಯ ಮನೆಯನ್ನು ಬಾಡಿಗೆಗೆ ಹಿಡಿಯದಿದ್ದರೆ, ಅವನು ಹೊರೆಯಾದಾನೆಂಬ ದೂರಿನ ಮೇಲೆ ಇಬ್ಬರು ಮ್ಯಾಜಿಸ್ಟ್ರೇಟರು ಅವನನ್ನು ಹಿಂದಕ್ಕೆ ಕಳುಹಿಸಬಹುದಾಗಿದ್ದಿತು. ನಿಜವಾಗಿ ನೆರವು ಬೇಡುವವರೆಗೆ ಯಾರನ್ನೂ ಹೀಗೆ ಅಟ್ಟಕೂಡದೆಂಬ ನಿಯಮವು ಬಂದುದು 1795ರಲ್ಲಿ. ಕಸುಬು ಕಲಿಯುವ ಕರಾರಿನಿಂದಲೂ, ಮದುವೆಯಾಗದವನು ಒಬ್ಬ ಯಜಮಾನನಲ್ಲಿ ಪೂರ್ತಿ ಒಂದು ವರ್ಷ ಆಳಾಗಿ ದುಡಿಯುವುದರಿಂದಲೂ ಹೊಸ ನೆಲೆಯ ಹಕ್ಕು ದೊರೆಯುತ್ತಿದ್ದಿತು. ಆದಕಾರಣ ವಿಚಾರಣೆಯ ಕಾಗದದಲ್ಲಿ ಹುಟ್ಟಿದೂರು, ಯಜಮಾನರ ಹೆಸರು, ದುಡಿದ ತಿಂಗಳು, ಪಡೆದ ಸಂಬಳ, ಹೆಂಡತಿ ಮಕ್ಕಳ ಹೆಸರು, ಎಷ್ಟೋ ವೇಳೆ ಮಕ್ಕಳ ವಯಸ್ಸು ಕೂಡ ಸಿಕ್ಕುತ್ತವೆ. ಕೂಲಿಕಾರನ ಇಡೀ ಬಾಳು ಒಂದು ಹಾಳೆಯಲ್ಲಿ ಅಡಕವಾಗಿ ದೊರೆಯುವುದು ಮತ್ತೆಲ್ಲಿಯೂ ಇಲ್ಲ. ಇದನ್ನು ಬಡವನ ಆತ್ಮಚರಿತ್ರೆಯೆಂದು ಕರೆಯುವ ಉತ್ಸಾಹವೂ ಇದರಿಂದಲೇ ಹುಟ್ಟಿದೆ.

ಆ ಹೆಸರು ಇದಕ್ಕೆ ಒಪ್ಪುವುದಿಲ್ಲ. ಮ್ಯಾಜಿಸ್ಟ್ರೇಟರ ಗುಮಾಸ್ತನು ಪ್ರಶ್ನೆಗಳನ್ನು ಬಿಟ್ಟು ಉತ್ತರಗಳನ್ನು ಮಾತ್ರ ಪ್ರಥಮಪುರುಷದಲ್ಲಿ ಹೆಣೆದು ಬರೆಯುವನು. ‘ವರ್ಷ ಪೂರ್ತಿಯಾಯಿತೆ?’ ಎಂಬ ಕೇಳದ ಪ್ರಶ್ನೆಯು ಸಾಲುಸಾಲಿನ ಹಿಂದೆಯೂ ನಿಂತಿರುತ್ತದೆ. ಹಕ್ಕು ಹುಟ್ಟಬಾರದೆಂದು ಆಳನ್ನು ಐವತ್ತೊಂದು ವಾರಗಳಿಗೆ ಮಾತ್ರ ಗೊತ್ತುಮಾಡಿಕೊಳ್ಳುವ ಒಕ್ಕಲಿಗರಿದ್ದರು. ಆದ್ದರಿಂದ ಯಜಮಾನನನ್ನು ಒಂದು ವಾರ ಮೊದಲೇ ಬಿಟ್ಟೆನೆಂಬ ಹೇಳಿಕೆಯಲ್ಲಿ ಆಳಿನ ಚಂಚಲತೆಯನ್ನು ಕಾಣುವುದು ಸಲ್ಲದು. ಅದು ಯಜಮಾನನ ಲೆಕ್ಕಾಚಾರವಾಗಿರಬಹುದು. ಹೇಳುವವನಿಗೂ ಹಿತವೊಂದಿದೆ: ಯಾವ ಊರಿಗೆ ಹೋದರೆ ತನ್ನ ಸಂಸಾರವು ಬದುಕೀತೆಂಬುದನ್ನು ಅವನು ಅರಿತೇ ಮಾತನಾಡುವನು. ಕಾಯಿದೆಗೆ ಬೇಡವಾದ ಯಾವ ಸಂಗತಿಯೂ ಈ ಹಾಳೆಗೆ ಇಳಿದಿಲ್ಲ. ಸತ್ತ ಮಕ್ಕಳಿಗೆ ನೆಲೆಯ ಹಕ್ಕು ಬೇಕಿಲ್ಲವಾದುದರಿಂದ ಅವರ ಸುದ್ದಿಯು ಬರುವುದೇ ವಿರಳ. ಅವಿವಾಹಿತೆಯರ ವಿಚಾರಣೆಯಂತೂ ಇನ್ನೂ ಕಠಿನ. ಅಲ್ಲಿ ಪ್ಯಾರಿಷ್‌ಗೆ ಬೇಕಾದುದು ಹಣ ತೆರಬಲ್ಲ ಗಂಡಸಿನ ಹೆಸರೊಂದೇ.

ಬಡವರ ಸ್ವಂತ ದನಿಯು ಅಷ್ಟಿಷ್ಟು ಕೇಳಿಬರುವುದು ಬೇರೊಂದು ಕಟ್ಟಿನಲ್ಲಿ. ನೆಲೆಯ ಹಕ್ಕುಳ್ಳ ಊರನ್ನು ಬಿಟ್ಟು ಪಟ್ಟಣಗಳಲ್ಲಿ ದುಡಿಯುತ್ತಿದ್ದವರು ಕಾಯಿಲೆಯಲ್ಲೊ ನಿರುದ್ಯೋಗದಲ್ಲೊ ತಮ್ಮ ಪ್ಯಾರಿಷ್‌ನ ಪಾರುಪತ್ಯಗಾರನಿಗೆ ಕಾಗದ ಬರೆಯುತ್ತಿದ್ದರು. ಎಸೆಕ್ಸ್ ಸೀಮೆಯಲ್ಲಿ ಉಳಿದುಬಂದ ಇಂಥ ಏಳುನೂರಕ್ಕೂ ಮಿಕ್ಕ ಪತ್ರಗಳನ್ನು ತಾಮಸ್ ಸೊಕೊಲ್ ಅವರು 2001ರಲ್ಲಿ ಸಂಪಾದಿಸಿ ಪ್ರಕಟಿಸಿದರು. ತಪ್ಪಿದ ವರ್ಣಕ್ರಮವನ್ನು ತಿದ್ದದೆ ಮೂಲದಲ್ಲಿದ್ದಂತೆಯೇ ಮುದ್ರಿಸಿದುದು ಈ ಸಂಪಾದನೆಯ ಹಿರಿಮೆ. ಕಿವಿಯಿಂದ ಬರೆದ ಆ ಅಕ್ಷರಗಳಲ್ಲಿ ಉಚ್ಚಾರಣೆಯೂ ಉಳಿದಿದೆ. ಪತ್ರವನ್ನು ಬೇರೊಬ್ಬರ ಕೈಯಿಂದ ಬರೆಸಿರಬಹುದೆಂಬ ಎಚ್ಚರವು ಇಲ್ಲಿಯೂ ಅಗತ್ಯ. ವಿನಯವೂ ಬೆದರಿಕೆಯೂ ಬೆರೆತ ಅವುಗಳ ಧಾಟಿ ಗಮನಾರ್ಹವಾದುದು: ಸ್ವಲ್ಪ ಹಣವನ್ನು ಕಳುಹಿಸದಿದ್ದರೆ ಸಂಸಾರಸಮೇತ ಊರಿಗೆ ಬರಬೇಕಾಗುವುದೆಂದೂ, ಆಗ ಖರ್ಚು ಇನ್ನೂ ಹೆಚ್ಚುವುದೆಂದೂ ತಿಳಿಸುವ ಬಡವನು ಕಾಯಿದೆಯನ್ನು ಬಲ್ಲವನು. ಇಂಥವನನ್ನು ಮೂಕನೆಂದು ಕರೆಯುವುದು ಹೇಗೆ?

ವಿದ್ವಾಂಸರು ಈ ಸಾಮಗ್ರಿಯನ್ನು ಬಳಸಿದ ಬಗೆಯಲ್ಲಿಯೂ ಭೇದವುಂಟು. ಡೆವನ್ ಸೀಮೆಯ ಕೊಲಿಟನ್ ಪ್ಯಾರಿಷ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ರಿಜಿಸ್ಟರು 1538ರಿಂದ ಹೆಚ್ಚು ಲೋಪವಿಲ್ಲದೆ ಉಳಿದಿರುವುದರಿಂದ, ಇ. ಎ. ರಿಗ್ಲಿ ಅವರು ದಾಖಲೆಗಳನ್ನು ಒಂದಕ್ಕೊಂದು ಹೊಂದಿಸಿ ಸಂಸಾರಗಳನ್ನು ಪುನಾರಚಿಸಿ 1966ರಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಹದಿನೇಳನೆಯ ಶತಮಾನದ ನಡುವಿನಿಂದಾಚೆಗೆ ಅಲ್ಲಿನ ಹೆಂಗಸರ ಮೊದಲ ಮದುವೆಯ ಸರಾಸರಿ ವಯಸ್ಸು ಸುಮಾರು 27ರಿಂದ ಸುಮಾರು 30ಕ್ಕೆ ಏರಿತೆಂದೂ, ದಂಪತಿಗಳು ಸಂತಾನವನ್ನು ಬೇಕೆಂದೇ ಮಿತಗೊಳಿಸಿದಂತೆ ತೋರುತ್ತದೆಂದೂ ಅವರು ವಾದಿಸಿದರು. ಗ್ರಾಮದ ರಿಜಿಸ್ಟರಿನಿಂದ ಇಷ್ಟು ದೊಡ್ಡ ಪ್ರಮೇಯವನ್ನು ಅದುವರೆಗೆ ಯಾರೂ ಹೊರಡಿಸಿರಲಿಲ್ಲ. ಆದರೆ ಈ ಕ್ರಮದಲ್ಲಿ ಲೆಕ್ಕಕ್ಕೆ ಸಿಕ್ಕುವುದು ಊರಿನಲ್ಲಿಯೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಉಳಿದವರು. ಕೆಲಸಕ್ಕಾಗಿ ಅಲೆದವರು ಜರಡಿಯಿಂದ ಜಾರಿಹೋಗುವರು. ಪಮೇಲಾ ಷಾರ್ಪ್ ಅವರು 1991ರಲ್ಲಿ ಅದೇ ಊರನ್ನು ಮತ್ತೆ ಎತ್ತಿಕೊಂಡು ಬಡವರ ಪರಿಹಾರಕ್ಕೆ ಸಂಬಂಧಿಸಿದ ಕಾಗದಗಳನ್ನೂ ಜೊತೆಗಿಟ್ಟು ಪರಿಶೀಲಿಸಿದರು. ಲೇಸ್ ಹೆಣಿಗೆಯಂಥ ಕೆಲಸವು ಹೆಂಗಸರನ್ನು ಊರಿನಲ್ಲಿ ನಿಲ್ಲಿಸಿದುದೂ, ಗಂಡಸರ ಸಂಖ್ಯೆ ಕಡಮೆಯಾದುದೂ, ಹಲವರು ಮದುವೆಯಿಲ್ಲದೆ ಉಳಿದುದೂ ಅವರ ಶೋಧನೆಯಿಂದ ತಿಳಿದುಬಂದಿತು. ಏರಿದ ವಯಸ್ಸಿನ ಅಂಕಿಯ ಹಿಂದೆ ದುಡಿಯುವ ಹೆಂಗಸರ ಒಂದು ಸಮುದಾಯವೇ ಇದ್ದಿತು. ಎರಡರಲ್ಲಿ ಷಾರ್ಪ್ ಅವರ ಓದು ಹೆಚ್ಚು ಆಳವಾದುದೆಂದು ಹೇಳಬೇಕಾಗುತ್ತದೆ, ರಿಗ್ಲಿಯವರು ಹಾಕಿದ ಅಡಿಪಾಯವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲವಾದರೂ.

ಹೆಂಗಸರ ದುಡಿಮೆಯ ವಿಚಾರದಲ್ಲಿ ಹತ್ತೊಂಬತ್ತನೆಯ ಶತಮಾನದ ಜನಗಣತಿಯೂ ಮೋಸಗೊಳಿಸುತ್ತದೆ. 1841ರ ಗಣತಿಯಲ್ಲಿ ಹದಿನೈದು ಮೀರಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದೆ. ಹುಟ್ಟಿದ ಪ್ಯಾರಿಷ್ ತಿಳಿಯುವುದು 1851ರಿಂದ. ಇವು ಎಲ್ಲರೂ ಬಲ್ಲ ತೊಡಕುಗಳು. ಕೂಲಿಕಾರನ ಹೆಂಡತಿಯ ಹೆಸರಿನ ಮುಂದೆ ಕಸುಬಿನ ಅಂಕಣವು ಬರಿದಾಗಿರುವುದು ಇವೆಲ್ಲಕ್ಕಿಂತ ದೊಡ್ಡ ತೊಡಕು. ಸುಗ್ಗಿಯಲ್ಲಿ ಹೊಲಕ್ಕೆ ಹೋದವಳು, ಮನೆಯಲ್ಲಿ ಬಟ್ಟೆ ಒಗೆದು ಕೂಲಿ ಪಡೆದವಳು ಗಣತಿಯವನ ದೃಷ್ಟಿಯಲ್ಲಿ ದುಡಿಯುವವಳಲ್ಲ. ಎಡ್ವರ್ಡ್ ಹಿಗ್ಸ್ ಅವರು ಗಣತಿಯ ಈ ದೋಷಗಳನ್ನು ವಿವರವಾಗಿ ತೋರಿಸಿಕೊಟ್ಟಿರುವರು. 1860ರ ದಶಕದಿಂದ ಉಪಾಧ್ಯಾಯರು ಬರೆದಿಟ್ಟ ಶಾಲೆಯ ದಿನಚರಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ಆಲೂಗೆಡ್ಡೆ ಕೀಳುವ ಕಾಲದಲ್ಲಿ ಮಕ್ಕಳು ಶಾಲೆಗೆ ಬಾರದುದು ಕಂಡುಬರುತ್ತದೆ. ಆ ಮಕ್ಕಳ ತಾಯಂದಿರು ಎಲ್ಲಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆಲಿಸನ್ ಲೈಟ್ ಅವರ ‘ಕಾಮನ್ ಪೀಪಲ್’ (2014) ಈ ಸಾಮಗ್ರಿಯಿಂದ ಹುಟ್ಟಿದ ಉತ್ತಮ ಕೃತಿಗಳಲ್ಲೊಂದು. ಗಾರೆಕೆಲಸದವರು, ಸೂಜಿ ಮಾಡುವವರು, ನಾವಿಕರು, ಮನೆಯಾಳುಗಳು ಆಗಿದ್ದ ತಮ್ಮ ಹಿರಿಯರನ್ನು ಲೇಖಕಿಯು ಅದರಲ್ಲಿ ಹಿಂಬಾಲಿಸಿರುವರು. ಪೂರ್ವಿಕರ ಊರೆಂಬುದೊಂದು ಇದ್ದೀತೆಂಬ ಆಸೆಯಿಂದ ಓದತೊಡಗುವವರಿಗೆ ಅಲ್ಲಿ ಸಿಕ್ಕುವುದು ಕೆಲಸವನ್ನರಸಿ ನಿರಂತರ ಸಾಗಿದ ಜನ. ಒಂದೊಂದು ಕಸುಬು ಏಕೆ ಹುಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಹೇಳದೆ ಒಬ್ಬನ ಬಾಳನ್ನು ಹೇಳಲಾಗದೆಂಬ ನಿಷ್ಠೆಯಿಂದ ಅವರು ಬರೆದಿರುವರು. ಇದರಿಂದ ಕಥನವು ಕೆಲವು ಕಡೆ ಭಾರವಾಗುತ್ತದೆ, ವ್ಯಕ್ತಿಯು ಕಸುಬಿನ ಚರಿತ್ರೆಯಲ್ಲಿ ಮರೆಯಾಗುವುದೂ ಉಂಟು. ಹಾಗಿದ್ದೂ ಕಾಗದವು ಹೇಳದ ಮನೋಭಾವಗಳನ್ನು ಹಿರಿಯರಿಗೆ ತೊಡಿಸಿ ಮುದ್ದಾದ ಕಥೆಗಳನ್ನು ಕಟ್ಟುವ ಕುಟುಂಬಚರಿತ್ರೆಗಳಿಗಿಂತ ಈ ಭಾರವೇ ವಾಸಿ.

ಹೆಸರಿಗೆ ಹೆಸರನ್ನು ಹೊಂದಿಸುವ ಆತುರವನ್ನೂ ಇಲ್ಲಿಯೇ ಹೇಳಬೇಕು. ಜಾನ್, ವಿಲಿಯಂ, ಮೇರಿ ಎಂಬ ಕೆಲವೇ ಹೆಸರುಗಳು ತಿರುತಿರುಗಿ ಬರುವ ಪ್ಯಾರಿಷ್‌ಗಳಲ್ಲಿ, ಶಿಶುವಾಗಿದ್ದಾಗಲೇ ಸತ್ತವನನ್ನು ಇಪ್ಪತ್ತೈದು ವರ್ಷಗಳ ಮೇಲೆ ಮದುವೆ ಮಾಡಿಸಿದ ವಂಶವೃಕ್ಷಗಳಿವೆ. ಶವಸಂಸ್ಕಾರದ ಪುಟವನ್ನು ಓದುವ ತಾಳ್ಮೆಯಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಅದೇ ಹೆಸರನ್ನು ಮುಂದಿನ ಮಗುವಿಗೆ ಮತ್ತೆ ಇಡುವ ಪದ್ಧತಿಯೂ ಇದ್ದಿತು. ಆದ್ದರಿಂದ ಒಂದೇ ತಂದೆಯ ಇಬ್ಬರು ಜಾನರಲ್ಲಿ ಬದುಕಿ ಉಳಿದವನು ಯಾರೆಂಬುದನ್ನು ಮೊದಲು ನಿರ್ಣಯಿಸಬೇಕು.

ಮನೆಯವರೇ ತುಂಬಿದ ಗಣತಿಯ ಹಾಳೆಗಳು ಉಳಿದುಬಂದಿರುವುದು 1911ರಿಂದ. ಅಜ್ಜನ ಕೈಬರಹವನ್ನು ಅನೇಕ ಮೊಮ್ಮಕ್ಕಳು ಮೊದಲು ಕಂಡುದು ಆ ಹಾಳೆಯಲ್ಲಿಯೇ. 1921ರ ಗಣತಿಯು ನೂರು ವರ್ಷಗಳ ಗೋಪ್ಯ ಮುಗಿದು 2022ರ ಜನವರಿಯಲ್ಲಿ ತೆರೆಯಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು; 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಆ ನಡುಗಾಲದ ದುಡಿಮೆಗಾರರಿಗೆ 1939ರ ಸೆಪ್ಟೆಂಬರಿನಲ್ಲಿ ಯುದ್ಧಕಾಲದ ಗುರುತುಚೀಟಿಗಾಗಿ ತಯಾರಿಸಿದ ಪಟ್ಟಿಯೊಂದು ಉಳಿದಿದೆ. ಅದರಲ್ಲಿಯೂ ಗೃಹಿಣಿಯರ ಕಸುಬಿನ ಅಂಕಣದಲ್ಲಿರುವುದು ‘ಸಂಬಳವಿಲ್ಲದ ಮನೆಗೆಲಸ’ ಎಂಬ ಒಂದೇ ಮಾತು, ಪುಟದಿಂದ ಪುಟಕ್ಕೆ.