ಗಂಟಿಲ್ಲದ ಕಂಬಳಿಗೆ ಬೆಲೆ ಕಟ್ಟುವ ಬಗೆ

ಕುರ್ದಿಶ್ ಬುಡಕಟ್ಟುಗಳ ಹಳೆಯ ಉಣ್ಣೆ ರತ್ನಗಂಬಳಿಗಳಿಗೆ ಲಂಡನ್ ಹರಾಜುಕಟ್ಟೆಯಲ್ಲೂ ಗಿರಾಕಿಗಳಿದ್ದಾರೆ. ಕುರ್ದರ ಊರಾದ ಬಿಜಾರ್‌ನ ಬಿಗಿ ನೇಯ್ಗೆಗೆ ‘ಕಬ್ಬಿಣದ ಹಾಸು’ ಎಂಬ ಬಿರುದೇ ಇದೆ. ಜಾಫ್ ಬುಡಕಟ್ಟಿನ ಹೆಂಗಸರು ಸಾಮಾನು ಸಾಗಿಸಲು ನೇಯ್ದ ಚೀಲಗಳ ಹಿಂಬದಿ ಕತ್ತರಿಸಿ, ಚಿತ್ತಾರದ ಮುಖವನ್ನಷ್ಟೇ ಗೋಡೆಗೆ ತೂಗುಹಾಕುವ ಶೋಕಿಯೂ ಉಂಟು. ಗಂಟು ಎಣಿಸಿ ಬೆಲೆ ಕಟ್ಟುವ ಈ ಕಣ್ಣಿಗೆ ಚಿಕ್ಕನಾಯಕನಹಳ್ಳಿ ಸೀಮೆಯ ಕಂಬಳಿಯಲ್ಲಿ ಏನೂ ಕಾಣದು. ಗಂಟಿಲ್ಲ, ಹೂಬಳ್ಳಿಯಿಲ್ಲ, ಕುರಿಯ ಮೈಬಣ್ಣವೇ ಬಣ್ಣ. 1800ರಲ್ಲಿ ಕಂಪನಿ ಸರ್ಕಾರಕ್ಕಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕುರುಬರ ಕಂಬಳಿಯನ್ನು ಕಸುಬಿನ ಲೆಕ್ಕಕ್ಕೆ ಬರೆದುಕೊಂಡನೇ ಹೊರತು ಕಲೆಯ ಲೆಕ್ಕಕ್ಕಲ್ಲ.

ನೋಡಬೇಕಾದ್ದು ಚಿತ್ತಾರವನ್ನಲ್ಲ, ಹಾಸನ್ನು, ಅಂದರೆ ಮಗ್ಗದ ಉದ್ದೆಳೆಯನ್ನು. ದಖ್ಖನಿ ಕುರಿಯ ಉಣ್ಣೆ ಒರಟು, ನೂತರೂ ಜುಂಗು ಏಳುತ್ತದೆ. ಹೆಂಗಸರು ನೂತ ಆ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ನೆನೆಸಿ ಅರೆದು ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಲ್ಲಿ ಬಳಿಯುತ್ತಾರೆ. ಬಿಸಿಲು ಕೈಕೊಟ್ಟರೆ ಕೆಲಸ ಕೆಟ್ಟಿತು. ಗಂಜಿ ಕುಡಿದ ಎಳೆ ಬಿರುಸಾಗಿ, ಗುಂಡಿಮಗ್ಗದಲ್ಲಿ ಹೊಕ್ಕಿನ ಹೊಡೆತ ತಾಳಿಕೊಳ್ಳುತ್ತದೆ. ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುವುದು ಇದರಿಂದಲೇ. ಬಳಸುತ್ತ ಗಂಜಿ ಬಿಟ್ಟುಹೋಗಿ, ಎಳೆಗಳು ಒಂದರೊಳಗೊಂದು ಕೂಡಿಕೊಂಡ ಮೇಲೆ ಅದರ ನಿಜವಾದ ಗುಣ ಹೊರಬರುತ್ತದೆ: ಸಣ್ಣ ಮಳೆಯ ಹನಿ ಒಳಕ್ಕಿಳಿಯದೆ ಜಾರುತ್ತದೆ. ಕೊಪ್ಪೆ ಹಾಕಿದ ಕುರಿಗಾಹಿಗೆ ಹಗಲು ಕೊಡೆ, ರಾತ್ರಿ ಹಾಸಿಗೆ. ತೇಯ್ದು ಹರಿಯುವತನಕ ಬಳಸುವುದರಿಂದ ಪುರಾತನ ಕಂಬಳಿ ಎಂಬುದು ಸಿಗುವುದೇ ಅಪರೂಪ; ಸಂಗ್ರಾಹಕರಿಗೆ ಇದು ಒಲಿಯದಿರಲು ಅದೂ ಒಂದು ಕಾರಣ. ಹಾಲುಮತದ ಕುರುಬರ ದೇವರ ಕಾರ್ಯದಲ್ಲಿ ಮಾತ್ರ ಕರಿಕಂಬಳಿಯ ಗದ್ದಿಗೆಗೆ ಇಂದಿಗೂ ಮೊದಲ ಮರ್ಯಾದೆ.

ಕಂಬಳಿ ಚುಚ್ಚುತ್ತದೆ ಎಂಬ ದೂರು ಸುಳ್ಳಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆಯಾದರೆ ಮೆತ್ತಗೆ, ದರವೂ ಹೆಚ್ಚು. ನೆನೆದರೆ ಭಾರ, ವಾಸನೆ ಬೇರೆ. ಇದನ್ನೆಲ್ಲ ಮುಚ್ಚಿಟ್ಟು ‘ಪರಂಪರೆ’ ಎಂದು ಹೊಗಳುವ ಬರಹಗಳು ನನಗೆ ರುಚಿಸವು. ಗಿರಣಿ ನೂಲು ಬೆರೆಸಿ, ಬಣ್ಣ ಹಾಕಿ, ಲ್ಯಾಪ್‌ಟಾಪ್ ಚೀಲ ಹೊಲಿಯುವ ಜಾಣತನವೂ ಅಷ್ಟೆ. ಚೀಲ ಖರ್ಚಾಗಬಹುದು, ಗಂಜಿ ಹಾಕುವ ಕೈ ಕಸುಬು ಮರೆಯುತ್ತದೆ.

ತೊಂದರೆ ಇರುವುದು ಮಗ್ಗದಲ್ಲಲ್ಲ, ಮಂದೆಯಲ್ಲಿ. ತೆಂಗಿನ ತೋಟದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಕಾಸು ಬರುತ್ತದೆ, ಸಂತೆಯಲ್ಲಿ ಮಾಂಸಕ್ಕೆ. ಉಣ್ಣೆ ಕೇಳುವವರು ಕಡಿಮೆ. ಹಾಗಾಗಿ ಉಣ್ಣೆಯೇ ಇಲ್ಲದ ನೆಲ್ಲೂರು ಟಗರನ್ನು ದಖ್ಖನಿ ಮಂದೆಗೆ ಬಿಡುವುದು ದಖ್ಖನಿನ ಉದ್ದಕ್ಕೂ ನಡೆದಿದೆ. ಈ ಹೊತ್ತಿನಲ್ಲಿ ಕಂಬಳಿಗೆ ಹೊಸ ವಿನ್ಯಾಸ ಕೊಡಿಸೋಣ ಎನ್ನುವವರು ಉಣ್ಣೆಯ ದರದ ಮಾತನ್ನೇ ಎತ್ತುವುದಿಲ್ಲ.