ಗಾಂಧಿ ಕ್ಲಾಸಿನಿಂದ ಕಪಾಲಿ

ಬೆಂಗಳೂರು ಗಾಂಧಿನಗರದ ಕಪಾಲಿ ಚಿತ್ರಮಂದಿರದ ಬಗ್ಗೆ ಬಂದ ನೆನಪಿನ ಬರಹಗಳನ್ನು ಓದಿದಾಗ ನನಗೆ ಅನ್ನಿಸೋದು ಇಷ್ಟೆ: ಇವೆಲ್ಲ ಬಾಲ್ಕನಿಯಲ್ಲಿ ಕೂತು ಬರೆದವು. 1968ರಲ್ಲಿ ರಾಜ್‌ಕುಮಾರ್ ಅವರ 'ಮಣ್ಣಿನ ಮಗ'ದಿಂದ ಶುರುವಾಗಿ 2017ರಲ್ಲಿ ಮುಚ್ಚಿದ ಮಂದಿರ, ಬಾಗಿದ ಭಾರಿ ಪರದೆ, ಸಾವಿರಕ್ಕೂ ಮಿಕ್ಕಿದ ಸೀಟು. ಲೆಕ್ಕ ಅಲ್ಲಿಗೆ ಮುಗೀತು. ಆ ಸೀಟುಗಳಲ್ಲಿ ಕೂತವರು ಯಾರು?

ಪರದೆಗೆ ಅಂಟಿದ ಅಗ್ಗದ ಸಾಲುಗಳಿಗೆ ನಮ್ಮ ಟಾಕೀಸುಗಳಲ್ಲಿ 'ಗಾಂಧಿ ಕ್ಲಾಸ್' ಅಂತ ಹೆಸರು. 'ಹರಿಜನ' ಅನ್ನೋದನ್ನು ನಮಗೆ ಹಚ್ಚಿದವರ ಹೆಸರೇ ಇಲ್ಲಿಗೂ ಬಂತು ನೋಡಿ! ಆದರೂ ಆ ಸಾಲನ್ನು ನಾನು ಬರೀ ಅವಮಾನ ಎಂದು ಓದಲಾರೆ. ನಮ್ಮವರಿಗೆ ಊರ ಹೋಟೆಲಿನಲ್ಲಿ ಬೇರೆ ಲೋಟ, ಗುಡಿಯಲ್ಲಿ ಹೊಸ್ತಿಲಾಚೆಯ ಜಾಗ. ಇಲ್ಲಿ ಚಿಲ್ಲರೆ ಎಣಿಸಿಕೊಟ್ಟರೆ ಟಿಕೆಟ್ಟು. ಅದರ ಮೇಲೆ ಜಾತಿ ಬರೆದಿರೋದಿಲ್ಲ. ದೀಪ ಆರಿದರೆ ಪಕ್ಕದವನ ಮುಖವೂ ಕಾಣದು. ಹಾಗಂತ ಜಾತಿ ಹೋಯಿತೆ? ಆಟ ಮುಗಿದ ಮೇಲೆ ಕಡಲೆಕಾಯಿ ಸಿಪ್ಪೆ ಗುಡಿಸಿದವರನ್ನು, ಕಕ್ಕಸು ತೊಳೆದವರನ್ನು ಕೇಳಬೇಕು. ನಾನು ಓದಿದ ಯಾವ ಬರಹದಲ್ಲೂ ಅವರಿಲ್ಲ.

ಇನ್ನು ಆ ಮಣ್ಣಿನ ಮಗ. ಗೇಣು ನೆಲವೂ ಇಲ್ಲದವರ ಮಕ್ಕಳು ಗಾಂಧಿ ಕ್ಲಾಸಿನಿಂದ ಅವನಿಗೆ ಶಿಳ್ಳೆ ಹೊಡೆದರಲ್ಲ, ಆ ಶಿಳ್ಳೆಯಲ್ಲಿ ಇದ್ದದ್ದು ಅಭಿಮಾನವೊ, ನೆಲದ ಹಸಿವೊ?