ಒಂದೇ ಮುಖದ ಅಪ್ಪ, ಮಗ

ದೂರವಾಗಿದ್ದ ಅಪ್ಪ ಮಗನೆದುರು ಬಂದು ನಿಲ್ಲುವ ಸಿನಿಮಾ ಎಂದಾಗ ನಾನು ಮೊದಲು ವಿಚಾರಿಸುವುದು ಪಾತ್ರಧಾರಿಗಳು ಇಬ್ಬರೋ ಒಬ್ಬರೋ ಅಂತ. ಅಪ್ಪನೂ ಮಗನೂ ಒಬ್ಬನೇ ನಾಯಕನಟನಾಗಿರುವುದು ನಮ್ಮಲ್ಲಿ ಮಾಮೂಲು. ಅಭಿಮಾನಿಗೆ ಒಂದು ಟಿಕೆಟ್ಟಿಗೆ ಎರಡು ದರ್ಶನ. ಆದರೆ ಮುನಿಸು ಮುರಿಯುವ ದೃಶ್ಯಕ್ಕೆ ಬಂದಾಗ ಈ ಲಾಭವೇ ನಷ್ಟ. ಖಾಲಿ ಜಾಗ ನೋಡಿಕೊಂಡು ಅಳುವ ನಟನಿಗೆ, ಎಷ್ಟೇ ದೊಡ್ಡವನಿರಲಿ, ಎದುರಿನವನ ಕಣ್ಣು ಸಿಗುವುದಿಲ್ಲ.

ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ನೋಡಿ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಹಾಡಿನಲ್ಲೇ ಒಬ್ಬರನ್ನೊಬ್ಬರು ಕೆಣಕುವ ಆ ಪ್ರಸಿದ್ಧ ಸನ್ನಿವೇಶದಲ್ಲಿ ಮುಖ ಒಂದೇ, ದನಿ ಎರಡು: ಒಂದು ರಾಜ್ ಅವರದೇ, ಇನ್ನೊಂದು ಪಿ.ಬಿ. ಶ್ರೀನಿವಾಸರದು. ಸಂಗೀತ ಟಿ.ಜಿ. ಲಿಂಗಪ್ಪ. ಕಣ್ಣು ಮುಚ್ಚಿದರೆ ಇಬ್ಬರು ಗಂಡಸರು ಜಗಳಕ್ಕಿಳಿದದ್ದು ಕೇಳುತ್ತದೆ. ತೆರೆದರೆ ರಾಜ್ ಅವರನ್ನು ರಾಜ್ ಅವರೇ ಹೀಯಾಳಿಸುತ್ತಿರುತ್ತಾರೆ. ನಟನೆಯ ಬಗ್ಗೆ ಎರಡು ಮಾತಿಲ್ಲ. ಆದರೂ ನನಗೆ ಆ ಹಾಡು ರೇಡಿಯೊದಲ್ಲೇ ಹೆಚ್ಚು ರುಚಿ.

ಈ ತಕರಾರು ನನ್ನೊಬ್ಬನದಲ್ಲ, ಊರಿನದು. ಮಂಗಳೂರಿನವರು ಇದೇ ಕಥೆಯನ್ನು ಯಕ್ಷಗಾನದ ತಾಳಮದ್ದಳೆಯಲ್ಲಿ ಕೇಳಿ ಬೆಳೆದವರು. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನ ಇಬ್ಬರು ಎದುರುಬದುರು ಕೂತಿರುತ್ತಾರೆ, ಅಷ್ಟೆ. ಅಶ್ವಮೇಧದ ಕುದುರೆ ಕಟ್ಟಿದ ಮಗ, ಬಂದವನು ಅಪ್ಪನೆಂದು ತಿಳಿದೊಡನೆ ಕಾಣಿಕೆ ಹೊರಿಸಿಕೊಂಡು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನ ಹುಟ್ಟನ್ನೇ ಹಳಿಯುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಇರುವ ಈ ಘಟ್ಟದಲ್ಲಿ ಭಾಗವತರು ಪದ ಹೇಳಿ ಬಿಟ್ಟ ಮೇಲೆ ಅರ್ಜುನನ ಬಾಯಲ್ಲಿ ಎಂಥ ಮಾತು ಬರುತ್ತದೆಂದು ಬಭ್ರುವಾಹನನಾಗಿ ಮಾತಾಡುವ ಅರ್ಥಧಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಒಳ್ಳೆಯ ಅರ್ಥಧಾರಿಯಾದರೆ ಉತ್ತರ ಕೊಡುವ ಮುಂಚೆ ಅರೆಕ್ಷಣ ತಡೆಯುತ್ತಾನೆ. ಬೈಗುಳ ಅವನ ಕಿವಿಗೂ ಈಗಷ್ಟೇ ಬಿದ್ದದ್ದು. ದ್ವಿಪಾತ್ರದಲ್ಲಿ ಆ ಅರೆಕ್ಷಣ ಹುಟ್ಟುವುದೇ ಇಲ್ಲ.

ಇನ್ನೂ ಒಂದಿದೆ. ವ್ಯಾಸಭಾರತದ ಪ್ರಕಾರ ಬಭ್ರುವಾಹನನ ತಾಯಿ ಚಿತ್ರಾಂಗದೆಯನ್ನು ಅರ್ಜುನನಿಗೆ ಕೊಟ್ಟದ್ದು, ಹುಟ್ಟುವ ಮಗ ಮಣಿಪುರದ ವಂಶಕ್ಕೇ ಸೇರಬೇಕೆಂಬ ಕರಾರಿನ ಮೇಲೆ. ಅಳಿಯಕಟ್ಟಿನ ತುಳುನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಆಸ್ತಿ ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿತ್ತು, ಮಕ್ಕಳು ತಾಯಿಯ ಕುಟುಂಬದವರು, ಅಪ್ಪ ಇದ್ದೂ ನೆಂಟ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಪಾಲುಪಟ್ಟಿಯ ಲೆಕ್ಕ ಬದಲಾಯಿತು. ನಮ್ಮ ಕಥೆಗಳಲ್ಲಿ ಮಾತ್ರ ಅಪ್ಪ ಇಂದಿಗೂ ಹೊರಗಿನಿಂದಲೇ ಬರುತ್ತಾನೆ.

‘ಕಾಂತಾರ’ದಲ್ಲಿ (2022) ಬರುವುದೂ ಇಲ್ಲ. ದೈವದ ಕೋಲ ಕಟ್ಟಿದ ಅಪ್ಪ ಕಾಡಿನಲ್ಲಿ ಮಾಯವಾಗುತ್ತಾನೆ. ಮಗ ಶಿವ ಕೋಲದ ಸಹವಾಸವೇ ಬೇಡವೆಂದು ದೂರ ಉಳಿದು, ಕೊನೆಗೆ ಅದೇ ದಾರಿ ಹಿಡಿಯುತ್ತಾನೆ. ಅಪ್ಪನೂ ರಿಷಬ್ ಶೆಟ್ಟಿ, ಮಗನೂ ರಿಷಬ್ ಶೆಟ್ಟಿ. ಇಲ್ಲಿ ದ್ವಿಪಾತ್ರಕ್ಕೆ ನನ್ನ ಆಕ್ಷೇಪವಿಲ್ಲ. ಈ ಅಪ್ಪ ಮಗ ಕೂತು ಮಾತಾಡಬೇಕಾದವರಲ್ಲ. ಒಬ್ಬ ಬಿಟ್ಟುಹೋದ ಜಾಗದಲ್ಲಿ ಇನ್ನೊಬ್ಬ ನಿಲ್ಲಬೇಕು, ಒಂದೇ ಮುಖ ಇದ್ದರೇ ಚೆಂದ.

ಮಾತಾಡಬೇಕಾಗಿದ್ದ ಜೋಡಿಯೆಂದರೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ್ದು. 2016ರಲ್ಲಿ ಬಂದ ಹೇಮಂತ್ ರಾವ್ ಅವರ ಮೊದಲ ಚಿತ್ರ. ಮಗನ ಹೆಸರು ಇಲ್ಲೂ ಶಿವ! ಕಥೆ ಬೆಂಗಳೂರಿನದಾದರೂ ಆಡಿದವರಿಬ್ಬರೂ ನಮ್ಮ ಕಡೆಯವರು: ಶಿರಾಲಿ, ಕಾಞಂಗಾಡುಗಳ ಮಠ ಆಶ್ರಮದ ಪರಿಸರದಲ್ಲಿ ಬಾಲ್ಯ ಕಳೆದ ಅನಂತನಾಗ್, ಉಡುಪಿಯ ರಕ್ಷಿತ್ ಶೆಟ್ಟಿ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆರೈಕೆ ಕೇಂದ್ರದಲ್ಲಿದ್ದಾರೆ, ಮಗ ಮುಂಬಯಿಯಲ್ಲಿ. ನೋಡಲು ಬಂದ ಮಗನ ಬೇಜವಾಬ್ದಾರಿಯಿಂದ ಅಪ್ಪ ಕಳೆದುಹೋಗುತ್ತಾರೆ.

ಮಂಗಳೂರಿನ ಪತ್ರಿಕೆಗಳ ಒಳಪುಟದ ‘ಕಾಣೆಯಾಗಿದ್ದಾರೆ’ ಪ್ರಕಟಣೆ ಓದಿದವರಿಗೆ ಆ ಧಾಟಿ ಗೊತ್ತು. ಎತ್ತರ ಇಷ್ಟು, ಗೋಧಿ ಮೈಬಣ್ಣ, ದುಂಡು ಮುಖ, ತುಂಬು ತೋಳಿನ ಅಂಗಿ, ಕನ್ನಡ ಮತ್ತು ತುಳು ಮಾತನಾಡುತ್ತಾರೆ. ಊರಿನ ಅರ್ಧ ಗಂಡಸರಿಗೆ ಹೊಂದುವ ವಿವರ. ಶಿವನಿಗೆ ಅಪ್ಪನ ಬಗ್ಗೆ ಹೇಳಲು ಬರುವುದೂ ಹೆಚ್ಚುಕಡಿಮೆ ಇಷ್ಟೇ. ಆರೈಕೆ ಮಾಡುತ್ತಿದ್ದ ಡಾಕ್ಟರ್ ಸಹನಾಗೆ (ಶ್ರುತಿ ಹರಿಹರನ್) ಅವನಿಗಿಂತ ಹೆಚ್ಚು ಗೊತ್ತು. ಹುಡುಕಾಟದುದ್ದಕ್ಕೂ ಮಗ ಅಪ್ಪನ ಪರಿಚಯ ಮಾಡಿಕೊಳ್ಳುವುದು ಅಪ್ಪನಿಲ್ಲದಾಗ, ಹೊರಗಿನವರ ಬಾಯಿಂದ.

ಅನಂತನಾಗ್ ಇಲ್ಲಿ ಕರುಣೆ ಬೇಡುವುದಿಲ್ಲ. ಕೊಲೆಗಡುಕರ ನಡುವೆ ಸಿಕ್ಕಿಬಿದ್ದಾಗಲೂ ನೆಂಟರ ಮನೆಗೆ ಬಂದವರ ಸಂಕೋಚ, ಮರ್ಯಾದೆ. ನೋಟ ಎದುರಿನವರ ಮೇಲೇ ಇರುತ್ತದೆ, ಆದರೆ ಯಾರೆಂದು ಹಿಡಿಯುವುದಿಲ್ಲ. ಅಂಥ ನೋಟದೆದುರು ನಿಂತ ಮಗ ಕ್ಷಮೆ ಕೇಳುವುದು ಯಾರಲ್ಲಿ? ಚಿತ್ರಕಥೆ ಬರೆದವರ ಜಾಣತನ ಇರುವುದು ಇಲ್ಲಿಯೇ: ಹಳೆಯ ಲೆಕ್ಕ ತೀರಿಸುವ ಉದ್ದುದ್ದ ಭಾಷಣದ ದಾರಿಯನ್ನು ಅವರು ಮೊದಲೇ ಮುಚ್ಚಿಬಿಟ್ಟಿದ್ದಾರೆ. ರೌಡಿಗಳ ಉಪಕಥೆ ನನ್ನ ಮಟ್ಟಿಗೆ ಜಾಸ್ತಿಯಾಯಿತು. ಒತ್ತೆಯಾಳಾಗುವ ಗೃಹಸ್ಥನಾಗಿ ಅಚ್ಯುತ್ ಕುಮಾರ್ ಇಲ್ಲದಿದ್ದರೆ ಆ ಭಾಗ ಇನ್ನಷ್ಟು ಎಳೆಯುತ್ತಿತ್ತು. 2018ರಲ್ಲಿ ಪ್ರಕಾಶ್ ರಾಜ್, ವಿಕ್ರಂ ಪ್ರಭು ಜೋಡಿಯಲ್ಲಿ ಇದು ತಮಿಳಿಗೂ ಹೋಯಿತು. ಅಲ್ಲೂ ಇಬ್ಬರನ್ನೇ ಹಾಕಿದರು, ಸದ್ಯ.

ಇನ್ನು ಯಾರಾದರೂ ‘ಬಭ್ರುವಾಹನ’ವನ್ನು ಮತ್ತೆ ತೆಗೆಯುವುದಾದರೆ ನಿರ್ಮಾಪಕರು ಎರಡು ಸಂಭಾವನೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲಿ. ಅರ್ಜುನನ ಪಾತ್ರಕ್ಕೆ ಅನಂತನಾಗ್ ಒಪ್ಪಿದರೆ ಕುದುರೆ, ರಥ, ಬಿಲ್ಲುಬಾಣ ಯಾವುದೂ ಬೇಡ. ಎರಡು ಕುರ್ಚಿ ಹಾಕಿ ಎದುರುಬದುರು ಕೂರಿಸಿದರೆ ಸಾಕು, ಮಂಗಳೂರಿನಲ್ಲಂತೂ ಹೌಸ್‌ಫುಲ್.